ಅಮಾಲ್ಥಿಯಾಕ್ಕೆ ಇನ್ನು ಇಪ್ಪತ್ತು ಮೀಟರ್

ಅಮಾಲ್ಥಿಯಾದ ಮೇಲೆ ನೌಕೆ ಇಳಿಸಿದ ದಿನವೇ ನಿಮ್ಮಮ್ಮನ ಮುಂದೆ ನಿಂತು ನಿನ್ನನ್ನು ಕೇಳುತ್ತೇನೆ, ಅಲ್ಲಿಯವರೆಗೆ ಕೇಳುವುದಿಲ್ಲ ಎಂದು ಕುಶಲ ಮಾತು ಕೊಟ್ಟಿದ್ದ. ಇಂಜಿನಿಯರಿಂಗಿನ ಕೊನೆಯ ವರ್ಷ, ಕಾಲೇಜಿನ ಲ್ಯಾಬಿನಲ್ಲಿ ಎಸಿ ಕೆಟ್ಟು ಕೂತಿದ್ದ ಒಂದು ಮಧ್ಯಾಹ್ನ. ಸಿಂಧೂರ ನಕ್ಕು ಒಪ್ಪಿದ್ದಳು. ಒಂದು ತಿಂಗಳ ಕೆಲಸ, ಹೆಚ್ಚೆಂದರೆ ಎರಡು ಅಂದುಕೊಂಡಿದ್ದಳು.

ಅದಾಗಿ ಒಂಬತ್ತು ವರ್ಷ.

ಅದೊಂದು ಕಂಪ್ಯೂಟರ್ ಆಟ. ಆಟ ಅಂದರೆ ಕುಶಲನ ಮುಖ ಸಣ್ಣಗಾಗುತ್ತದೆ, ಸಿಮ್ಯುಲೇಟರ್ ಅನ್ನಬೇಕು. ರಾಕೆಟ್ಟನ್ನು ನೀವೇ ಕಟ್ಟಬೇಕು, ಭೂಮಿಯಿಂದ ಹಾರಿಸಬೇಕು, ಇಂಧನದ ಲೆಕ್ಕ ತಪ್ಪಿದರೆ ಕತ್ತಲಲ್ಲಿ ತೇಲುತ್ತಾ ಕೂರಬೇಕು. ಎಲ್ಲರೂ ನಮ್ಮ ಚಂದ್ರನಿಗೆ ಹೋಗುತ್ತಾರೆ, ಮಂಗಳಕ್ಕೆ ಹೋಗುತ್ತಾರೆ. ಗುರುಗ್ರಹದ ಸುತ್ತ ನಾಲ್ಕು ದೊಡ್ಡ ಚಂದ್ರರಿದ್ದಾರೆ, ಜಾಣರು ಅಲ್ಲಿಗೂ ಹೋಗುತ್ತಾರೆ. ಆ ನಾಲ್ಕರ ಒಳಗೆ, ಗುರುವಿಗೆ ಅಂಟಿಕೊಂಡಂತೆ ಸುತ್ತುವ ಒಂದು ಸಣ್ಣದಿದೆ, ಕೆಂಪಗೆ, ಸೊಟ್ಟಗೆ, ಅದೇ ಅಮಾಲ್ಥಿಯಾ. ಪಟ್ಟಿಯಲ್ಲಿ ಅದರ ಮೇಲೆ ಬೆರಳಿಟ್ಟವಳು ಸಿಂಧೂರಾನೇ. ನೋಡಲಿಕ್ಕೆ ಬಟಾಟೆ ಬೋಂಡದ ಹಾಗೆ ಉಂಟು, ಪಾಪ, ಇದಕ್ಕೆ ಯಾರೂ ಹೋಗುವುದಿಲ್ಲವಾ ಅಂದಿದ್ದಳು. ಬಾಯಿಗೆ ಬಂದದ್ದನ್ನು ಆಡಬಾರದು ಅನ್ನುವುದು ಇದಕ್ಕೇ.

ನಿಯಮ ಮಾಡಿದವಳೂ ಅವಳೇ. ನೌಕೆ ಒಡೆದರೆ ಹಿಂದಕ್ಕೆ ಹೋಗಿ ತಿದ್ದುವ ಹಾಗಿಲ್ಲ, ಮತ್ತೆ ಭೂಮಿಯಿಂದಲೇ ಶುರು. ಗುರುವಿನ ಹತ್ತಿರ ಹೋದ ಮೇಲೆ ಸೇವ್ ಮಾಡುವ ಹಾಗೂ ಇಲ್ಲ. ಇಪ್ಪತ್ತೆರಡು ವರ್ಷದ ಹುಡುಗಿಗೆ ಕಷ್ಟದ ಪ್ರೀತಿಯೇ ದೊಡ್ಡ ಪ್ರೀತಿ ಅನ್ನಿಸುತ್ತದೆ. ಮೂವತ್ತೊಂದಕ್ಕೆ ಅದೇ ಹುಡುಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಆವತ್ತಿನ ತನ್ನ ಕೆನ್ನೆಗೆ ಒಂದು ಬಾರಿಸಬೇಕಿತ್ತು ಅಂದುಕೊಳ್ಳುತ್ತಾಳೆ.

ಮರಾಠಿ ಸೀಮೆಯ ಊರು, ಅಲ್ಲಿ ಬಿಬವೇವಾಡಿಯ ಮಾರ್ಕೆಟ್ ರಸ್ತೆಯಲ್ಲಿ ಅವರದು ಎರಡು ಅಂಕಣದ ಹೋಟೆಲ್. ಕುಂದಾಪುರದ ಕಡೆಯಿಂದ ಬಂದ ಅಜ್ಜ ಇಟ್ಟದ್ದು, ಅಪ್ಪ ಬೆಳೆಸಿದ್ದು. ಅಪ್ಪ ಹೋದ ಮೇಲೆ ಸಿಂಧೂರ ಇದ್ದ ಕೆಲಸ ಬಿಟ್ಟು ಬಂದು ಗಲ್ಲಾದಲ್ಲಿ ಕೂತಳು. ಅಣ್ಣ ಸುಖೇಶ್ ಅಡುಗೆಮನೆ, ಸಾಮಾನು, ಜನ ನೋಡಿಕೊಂಡ. ಅಮ್ಮ ಪಂಕಜಾಕ್ಷಿ ಎಲ್ಲರನ್ನೂ ನೋಡಿಕೊಂಡರು.

ಕುಶಲನ ಆಫೀಸು ಕೊಂಢವಾದಲ್ಲಿ, ಮನೆ ಊರಿನ ಆ ತುದಿಗೆ ಖಡಕಿಯಲ್ಲಿ. ಅವನ ಅಪ್ಪ ವಿಜಾಪುರದಿಂದ ಬಂದು ಅಲ್ಲಿಯ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದವರು, ಈಗಿಲ್ಲ. ದಿನಾ ಸಂಜೆ ಆರಕ್ಕೆ, ಮನೆಗೆ ಹೋಗುವ ದಾರಿಯಲ್ಲಿ, ಗಲ್ಲಾದ ಪಕ್ಕದ ಎರಡು ಕುರ್ಚಿಯ ಟೇಬಲ್ಲಿಗೆ ಅವನು ಬಂದು ಕೂರುತ್ತಾನೆ. ಒಂದು ಚಹಾ, ಒಂದು ಪ್ಲೇಟ್ ಗೋಳಿಬಜೆ. ಎಲ್ಲರಿಗೂ ಪ್ಲೇಟಿಗೆ ಐದು. ಅವನ ಪ್ಲೇಟಿನಲ್ಲಿ ಒಂಬತ್ತು ವರ್ಷದಿಂದ ಆರು ಇರುತ್ತವೆ. ಆರನೆಯದನ್ನು ಅವನು ಕೊನೆಗೆ, ಅವಳ ಕಡೆ ನೋಡಿ ತಿನ್ನುತ್ತಾನೆ. ಅವಳು ಆ ಹೊತ್ತಿಗೆ ಸರಿಯಾಗಿ ಬಿಲ್ ಬುಕ್ಕಿನಲ್ಲಿ ಏನೋ ಹುಡುಕುತ್ತಾಳೆ. ಕಿವಿ ಮಾತ್ರ ಕೆಂಪಗಾಗುತ್ತದೆ, ಅದಕ್ಕೆ ಅವಳು ಏನೂ ಮಾಡುವ ಹಾಗಿಲ್ಲ.

ನೌಕೆಗಳ ಹೆಸರೂ ಅದೇ, ಗೋಳಿಬಜೆ. ಒಂದರಿಂದ ಮೂರರವರೆಗೆ ಇಂಧನ ತೀರಿ ದಾರಿಯಲ್ಲೇ ಹೋದವು. ನಾಲ್ಕು ಗುರುವಿನ ಹೊಟ್ಟೆಗೆ ಬಿತ್ತು. ಐದು, ಆರು, ಏಳು ಮೂರೂ ಅಮಾಲ್ಥಿಯಾವನ್ನು ಮುಟ್ಟಿದವು, ಮುಟ್ಟಿ ಪುಟಿದವು. ಅಷ್ಟು ಸಣ್ಣ ಚಂದ್ರನಿಗೆ ಹಿಡಿದುಕೊಳ್ಳುವ ಶಕ್ತಿಯೇ ಇಲ್ಲ. ಅಲ್ಲಿ ಸೊಂಟದ ಎತ್ತರದಿಂದ ಲೋಟ ಬಿಟ್ಟರೆ ನೆಲ ಮುಟ್ಟುವಷ್ಟರಲ್ಲಿ ಹತ್ತು ಎಣಿಸಬಹುದು ಎಂದು ಕುಶಲ ಒಮ್ಮೆ ಲೋಟ ಹಿಡಿದು ತೋರಿಸಿದ್ದ. ಸ್ವಲ್ಪ ಜೋರಾಗಿ ಕಾಲೂರಿದರೂ ಅದು ನಿಮ್ಮನ್ನು ವಾಪಸು ಎಸೆಯುತ್ತದೆ. ಎಸೆದಾಗ ಸುಮ್ಮನಿರಬೇಕು, ತಾನಾಗಿ ಮತ್ತೆ ಇಳಿಯುತ್ತದೆ, ಎರಡು ಮೂರು ಸಲ ಪುಟಿದು ಕೂರುತ್ತದೆ. ಕುಶಲ ಸುಮ್ಮನಿರುವುದಿಲ್ಲ. ಗಾಬರಿಯಾಗಿ ಇಂಜಿನ್ ಹಾಕುತ್ತಾನೆ, ನೌಕೆ ಲಾಗ ಹೊಡೆಯುತ್ತಾ ಹೋಗುತ್ತದೆ. ಒಂಬತ್ತು ವರ್ಷ ಕಾಯುವವನಿಗೆ ಕೊನೆಯ ಒಂದು ನಿಮಿಷ ಕಾಯಲಿಕ್ಕಾಗುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಈಗ ಹೋಗಿರುವುದು ಗೋಳಿಬಜೆ ಎಂಟು. ಎಲ್ಲಿಗೆ ಬಂತು ಅಂತ ಅವಳು ಸಂಜೆ ಚಿಲ್ಲರೆ ಎಣಿಸುತ್ತಾ ಕೇಳಿದರೆ, ದಾರ್ಯಾಗ ಅದ ಅನ್ನುತ್ತಾನೆ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾನೆ. ಗಣಪತಿ ಹಬ್ಬಕ್ಕೆ ಕೇಳಿದಾಗಲೂ ದಾರ್ಯಾಗ ಇತ್ತು. ದೀಪಾವಳಿಗೂ ದಾರ್ಯಾಗೇ ಇತ್ತು.

ಸಂಕ್ರಾಂತಿಗೆ ಎರಡು ದಿನ ಇರುವಾಗ ಸುಖೇಶ್ ಮಾತು ತೆಗೆದ. ನಾಶಿಕದಲ್ಲಿ ಒಂದು ಹೋಟೆಲ್ ಸಿಕ್ಕಿತ್ತು, ಚಲೋ ಜಾಗ, ರಥಸಪ್ತಮಿಗೆ ಬಾಗಿಲು ತೆಗೆಯಬೇಕು. ನಡೆಸಲಿಕ್ಕೆ ಮನೆಯವರೇ ಬೇಕು. ಅವನಿಗೆ ಇಬ್ಬರು ಮಕ್ಕಳು, ಇಲ್ಲಿಯ ಸ್ಕೂಲು. ನೀನು ಹೋಗುತ್ತೀಯಾ, ಭಾನುವಾರದ ಒಳಗೆ ಹೇಳು ಅಂದ. ಅಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಆರು ಗಂಟೆಯ ಟೇಬಲ್ಲಿನ ಕಡೆ ಒಮ್ಮೆ ನೋಡಿದ, ಆಮೇಲೆ, ಇಲ್ಲಿ ನಿಲ್ಲಲಿಕ್ಕೆ ಕಾರಣ ಇದ್ದರೆ ಅದನ್ನಾದರೂ ಹೇಳು ಅಂದ.

ಪಂಕಜಾಕ್ಷಿ ಅಲ್ಲೇ ಕೂತಿದ್ದರು. ಬಾಳೆಎಲೆ ಒರೆಸುತ್ತಾ, ಭಟ್ಟರು ಹೇಳಿದ್ದಾರೆ, ಈ ವರ್ಷ ನಿನಗೆ ಗುರುಬಲ ಉಂಟಂತೆ ಅಂದರು.

ಇವಳ ಬದುಕಿನಲ್ಲಿ ಗುರುವಿನಷ್ಟು ಕಾಟ ಕೊಟ್ಟ ಗ್ರಹ ಇನ್ನೊಂದಿಲ್ಲ ಎಂದು ಅಮ್ಮನಿಗೆ ಹೇಗೆ ಹೇಳುವುದು!

ಆ ಸಂಜೆ ಕುಶಲನಿಗೆ ನಾಶಿಕದ ವಿಷಯ ಹೇಳಿದಳು. ಬಿಟ್ಟು ಹೋಗುವ ಮಾತು ಅಂತ ಹೇಳಲಿಲ್ಲ, ಒಂದು ಸುದ್ದಿಯ ಹಾಗೆ ಹೇಳಿದಳು, ಅವನ ಮುಖ ನೋಡಲಿಕ್ಕೆ. ಅವನ ಕೈಯಲ್ಲಿದ್ದ ಆರನೆಯ ಗೋಳಿಬಜೆ ಚಟ್ನಿಯ ಮೇಲೆ ಹಾಗೇ ನಿಂತಿತು. ಏನಾದರೂ ಹೇಳುತ್ತಾನೆ ಅಂದುಕೊಂಡಳು. ನಾಶಿಕದಾಗ ಭಾಳ ಥಂಡಿ ಅಂತ, ಸ್ವೆಟರ್ ಒಯ್ಯಿ ಅಂದ.

ಅವಳು ಬಿಲ್ ಬುಕ್ ಮುಚ್ಚಿದ ಸದ್ದಿಗೆ ಅಡುಗೆಮನೆಯಿಂದ, ಗೋಳಿಬಜೆ ಕರಿಯುವ ಅನ್ನಪೂರ್ಣಮ್ಮ ಇಣುಕಿ ನೋಡಿದರು.

ಸಂಕ್ರಾಂತಿಯ ಮಧ್ಯಾಹ್ನ ಅವಳು ಸ್ಕೂಟಿ ತೆಗೆದುಕೊಂಡು ಖಡಕಿಗೆ ಹೋದಳು. ಕುಶಲನ ಅವ್ವ ಭೀಮವ್ವನಿಗೆ ಎಳ್ಳು ಕೊಡುವ ನೆಪ. ನಿಜದಲ್ಲಿ ಜಗಳಕ್ಕೆ ಹೊರಟಿದ್ದಳು, ದಾರಿಯುದ್ದಕ್ಕೂ ಸಿಗ್ನಲ್ಲಿಗೊಂದು ಮಾತು ಜೋಡಿಸಿಕೊಂಡಿದ್ದಳು. ಬಾಜಾರದ ಹಿಂದಿನ ಗಲ್ಲಿ, ಎರಡು ಕೋಣೆಯ ಮನೆ. ಕುಶಲನಿಗೆ ಅರ್ಧ ದಿನ ರಜೆ, ಇನ್ನೂ ಬಂದಿರಲಿಲ್ಲ. ಭೀಮವ್ವ ಅವಳ ಕೈಗೆ ಎಳ್ಳುಂಡೆ ಇಟ್ಟು, ಇಲ್ಲಿಯ ರೂಢಿಯಂತೆ ಮರಾಠಿಯಲ್ಲೇ, ತಿಳಗೂಳ ಘ್ಯಾ, ಗೋಡ ಗೋಡ ಬೋಲಾ ಅಂದಳು. ಸಿಹಿ ತಿಂದು ಸಿಹಿಯಾಗಿ ಮಾತಾಡಬೇಕಂತೆ. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅದಕ್ಕೆ ಹೊಂದುತ್ತಿರಲಿಲ್ಲ. ಸಿಂಧೂರ ಉಂಡೆ ಬಾಯಿಗೆ ಹಾಕಿಕೊಂಡು ಕೂತಳು.

ಒಳಗಿನ ಕೋಣೆಯಿಂದ ಗರಗರ ಅನ್ನುವ ಸದ್ದು ಬರುತ್ತಿತ್ತು. ಫ್ಯಾನಿನ ಸದ್ದಲ್ಲ. ಏನು ಅಂತ ಕೇಳಿದಳು.

ಭೀಮವ್ವನಿಗೆ ಕೇಳುವವರು ಸಿಕ್ಕಿದ್ದೇ ಸಾಕಾಯಿತು. "ನಿನ್ನ ಗೆಳ್ಯಾನ ಡಬ್ಬಿ ಅದು. ಗಣಪತಿ ಹಬ್ಬದಾಗ ಚಾಲೂ ಮಾಡ್ಯಾನ, ಇವತ್ತಿನತನಾ ಬಂದ್ ಮಾಡಿಲ್ಲ. ಬಂದ್ ಮಾಡಬ್ಯಾಡವ್ವಾ, ಕಸಾ ಹೊಡೀವಾಗ ವಾಯರ್ ಮುಟ್ಟಬ್ಯಾಡ ಅಂತಾನ. ಕರೆಂಟ್ ಹೋದ್ರ ನಾ ಓಡಿ ಹೋಗಿ ಆ ಬ್ಯಾಟರಿ ಮುಂದ ಕುಂದರಬೇಕು. ಮನ್ಯಾಗ ಒಂದು ತೊಟ್ಟಿಲಾ ತೂಗೂದು ಬಿಟ್ಟು ಇದನ್ನ ಕಾಯಾಕತ್ತೀನಿ ನೋಡು."

ತೊಟ್ಟಿಲು ಅಂದಾಗ ಇಬ್ಬರೂ ಬೇರೆ ಕಡೆ ನೋಡಿದರು.

ಸಿಂಧೂರ ಎದ್ದು ಒಳಗೆ ಹೋದಳು. ಮಾನಿಟರಿಗೆ ಧೂಳು ಬೀಳದಂತೆ ಭೀಮವ್ವ ಇಳಕಲ್ ಸೀರೆಯ ಒಂದು ತುಂಡು ಹೊದಿಸಿದ್ದಳು. ಸಿಂಧೂರ ಅದನ್ನು ಎತ್ತಿ ಗುಂಡಿ ಒತ್ತಿದಳು.

ಪರದೆಯ ಅರ್ಧ ಆಕಾಶವನ್ನು ಗುರು ತುಂಬಿಕೊಂಡಿದ್ದ. ಕೆನೆ ಬಣ್ಣ, ಕಂದು ಬಣ್ಣದ ಪಟ್ಟೆಗಳು, ಹಾಲು ಹಾಕಿ ಕದಡದೆ ಬಿಟ್ಟ ಚಹಾದಂತೆ. ಕೆಳಗೆ ಕೆಂಪು ನೆಲ, ಕುಳಿಗಳು. ನಡುವೆ ಮೂರು ಕಾಲು ಚಾಚಿಕೊಂಡು ಒಂದು ಸಣ್ಣ ನೌಕೆ, ಅದರ ನೆರಳು ಸರಿಯಾಗಿ ಅದರ ಬುಡದಲ್ಲಿ. ಮೂಲೆಯಲ್ಲಿ ಎತ್ತರ: ಇಪ್ಪತ್ತು ಮೀಟರ್. ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಪಾಝ್, ಆಟ ನಿಂತಲ್ಲೇ ನಿಂತಿದೆ.

ಗೋಳಿಬಜೆ ಎಂಟು ದಾರಿಯಲ್ಲಿ ಇರಲಿಲ್ಲ. ಗಣಪತಿ ಹಬ್ಬಕ್ಕೇ ಬಂದು ಮುಟ್ಟಿತ್ತು. ಗುರುವಿನ ಹತ್ತಿರ ಸೇವ್ ಮಾಡಬಾರದು ಅಂತ ನಿಯಮ ಮಾಡಿದ್ದಳೇ ಹೊರತು ಪಾಝ್ ಮಾಡಬಾರದು ಅಂತ ಅವಳು ಹೇಳಿರಲಿಲ್ಲ. ಇಂಥದ್ದನ್ನೂ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಕುಶಲ ಬಂದಾಗ ಅವಳು ಅವನ ಕುರ್ಚಿಯಲ್ಲೇ ಕೂತಿದ್ದಳು. ಬಾಗಿಲಲ್ಲಿ ನಿಂತವನು ಮೊದಲು ಪರದೆ ನೋಡಿದ, ಆಮೇಲೆ ಅವಳನ್ನು ನೋಡಿದ, ಕನ್ನಡಕ ತೆಗೆದ.

"ಒರೆಸಬೇಡ. ಹಾಕ್ಕೋ. ಹಾಕ್ಕೊಂಡು ಹೇಳು ಮಾರಾಯ, ಎಲ್ಲಿಗೆ ಬಂತು?"

ಅವನು ಹೇಳಿದ. ತಡೆದು ತಡೆದು, ಮಂಚದ ತುದಿಯಲ್ಲಿ ಕೂತು, ತನ್ನ ಮೊಣಕಾಲಿಗೆ ಹೇಳುವವನಂತೆ ಹೇಳಿದ. ಇಷ್ಟು ಚಂದವಾಗಿ ಯಾವ ನೌಕೆಯೂ ಬಂದಿರಲಿಲ್ಲ. ಒಂದು ನಿಮಿಷ ಅಂತ ಪಾಝ್ ಒತ್ತಿದ. ಆ ನಿಮಿಷ ಮುಗಿಯಲೇ ಇಲ್ಲ. ಬಿಟ್ಟರೆ ನಲವತ್ತೈದು ಸೆಕೆಂಡು, ಕೂತರೆ ಕೂತಿತು, ಪುಟಿದರೆ ಮತ್ತೆ ಒಂದು ವರ್ಷ. ಇನ್ನೊಂದು ವರ್ಷ ಕಾಯಿ ಅಂತ ನಿನಗೆ ಯಾವ ಬಾಯಿಂದ ಹೇಳಲಿ? ಹೀಗಿದ್ದರೆ ಏನೂ ಕಳೆದಿಲ್ಲವಲ್ಲ.

"ಏನೂ ಕಳೆದಿಲ್ಲ," ಅಂದಳು ಸಿಂಧೂರ. ಎಳ್ಳುಂಡೆಯ ಬೆಲ್ಲ ಇನ್ನೂ ನಾಲಿಗೆಯ ಮೇಲಿತ್ತು, ಧ್ವನಿ ಏರಲಿಲ್ಲ. "ಅಲ್ಲ ಕುಶಲ, ನೀನು ಇದನ್ನು ಮಾತ್ರ ಪಾಝ್ ಮಾಡಿದ್ದಾ? ನನ್ನನ್ನೂ ಮಾಡಿ ಇಟ್ಟಿದ್ದೀಯಲ್ಲ. ದಿನಾ ಆರು ಗಂಟೆಗೆ ಬಂದು ಧೂಳು ಕೂತಿದೆಯಾ ಅಂತ ನೋಡಿ ಹೋಗ್ತೀ."

ಅವನು ಮೂರು ಅಡಿ ದೂರದಲ್ಲಿ ಕೂತಿದ್ದ. ಅವನ ಅಂಗಿಯ ಜೇಬಿನ ಮೇಲೆ ಒಂದು ಶಾಯಿಯ ಕಲೆ, ಕೂದಲಲ್ಲಿ ಕಿವಿಯ ಹತ್ತಿರ ಎರಡು ಬಿಳಿ ಎಳೆ. ಅವಳ ಅಪ್ಪ ತೀರಿಕೊಂಡಾಗ ಹದಿಮೂರು ದಿನ ಆಫೀಸಿಗೆ ರಜೆ ಹಾಕಿ ಹೋಟೆಲಿನ ಗಲ್ಲಾದಲ್ಲಿ ಕೂತವನು ಇವನೇ, ಒಬ್ಬ ಗಿರಾಕಿಗೂ ಸರಿಯಾಗಿ ಚಿಲ್ಲರೆ ಕೊಡಲಿಕ್ಕೆ ಬಾರದೆ ಬೈಸಿಕೊಂಡು. ಬಿಟ್ಟು ಹೋದವನಲ್ಲ ಒಂದು ದಿನವೂ. ಹತ್ತಿರ ಬಂದವನೂ ಅಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು ಅವಳಿಗೆ.

ಅವಳು ಬೆರಳನ್ನು ಸ್ಪೇಸ್‌ಬಾರಿನ ಮೇಲೆ ತಂದಳು. ಒತ್ತಿದರೆ ಪಾಝ್ ಬಿಡುತ್ತದೆ. ತಡೆಯಲಿಕ್ಕೆ ಅವನ ಕೈ ಮುಂದೆ ಬಂತು, ಅವಳ ಕೈಯ ಮೇಲೆ, ಮುಟ್ಟಲಿಲ್ಲ. ಒಂದು ಅಂಗುಲ ಮೇಲೆ ನಿಂತಿತು. ಅವನ ಅಂಗೈಯ ಬಿಸಿ ಅವಳ ಬೆರಳುಗಳಿಗೆ ತಾಗುತ್ತಿತ್ತು.

ಇಲ್ಲೂ ನಿಂತುಬಿಟ್ಟ, ಅಂದುಕೊಂಡಳು. ನಗು ಬರಬೇಕಿತ್ತು, ಬರಲಿಲ್ಲ.

"ನಾನು ಒತ್ತುವುದಿಲ್ಲ," ಅಂದು ಕೈ ತೆಗೆದಳು. "ನಾನು ಒತ್ತಿದರೆ ನಾನೇ ಇಳಿಸಿದ ಹಾಗಾಯ್ತು. ಸೋಮವಾರ ಬೆಳಿಗ್ಗೆ ನಾಶಿಕಕ್ಕೆ ಹೋಗ್ತೇನೆ. ಭಾನುವಾರ ಅಣ್ಣನಿಗೆ ಹೇಳ್ತೇನೆ. ನೀನು ಏನು ಬೇಕಾದರೂ ಒತ್ತಿಕೋ."

ಹೊರಗೆ ಭೀಮವ್ವ ಮೊರದಲ್ಲಿ ಎಳ್ಳು ಹಿಡಿದುಕೊಂಡು, ಕೇಳಿಸಿಕೊಳ್ಳದವಳ ಹಾಗೆ ನಿಂತಿದ್ದಳು. ಸಿಂಧೂರ ಚಪ್ಪಲಿ ಹಾಕಿಕೊಳ್ಳುವಾಗ ಅವಳ ತಲೆ ಸವರಿ, ನಾನೂ ಭಾಳ ಸಲ ಆ ವಾಯರ್ ಕಿತ್ತೊಗೀಬೇಕಂತ ಮಾಡೀನವ್ವಾ, ಧೈರ್ಯ ಆಗಿಲ್ಲ ಅಂದಳು.

ಗುರುವಾರ ಆರು ಗಂಟೆಯ ಟೇಬಲ್ ಖಾಲಿ. ಶುಕ್ರವಾರವೂ ಖಾಲಿ. ಶನಿವಾರ ಒಬ್ಬ ಮುದುಕರು ಬಂದು ಅಲ್ಲಿ ಕೂತು ಎರಡು ಮಸಾಲೆ ದೋಸೆ ತಿಂದರು, ಸಿಂಧೂರಳಿಗೆ ಅವರ ಮೇಲೂ ಸಿಟ್ಟು ಬಂತು. ಅನ್ನಪೂರ್ಣಮ್ಮ ಅಭ್ಯಾಸದಂತೆ ಆರು ಗೋಳಿಬಜೆ ಹಾಕಿಟ್ಟಿದ್ದರು. ತಣ್ಣಗಾದ ಮೇಲೆ ತಾವೇ ತಿಂದರು.

ಸಿಂಧೂರ ಬಟ್ಟೆ ಜೋಡಿಸಿದಳು. ಸ್ವೆಟರ್ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ನಾಶಿಕದ ಥಂಡಿಯ ಮೇಲೆ ಅವಳಿಗಿದ್ದ ಸಿಟ್ಟು ನಾಶಿಕಕ್ಕೆ ಗೊತ್ತಿದ್ದರೆ ಅದು ಬೆಚ್ಚಗಾಗುತ್ತಿತ್ತು. ನಲವತ್ತೈದು ಸೆಕೆಂಡು. ಈಗ ಒತ್ತಿರಬಹುದಾ? ಈಗ? ಪುಟಿದಿರಬೇಕು. ಪುಟಿದರೆ ಅವನು ಬರುವುದಿಲ್ಲ, ಅವನ ನಿಯಮ ಅವನಿಗೆ. ಒಂಬತ್ತನೆಯದನ್ನು ಕಟ್ಟಲಿಕ್ಕೆ ಕೂತಿರುತ್ತಾನೆ. ಕಟ್ಟಲಿ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಹೋಟೆಲಿನವರಿಗೆ ಉಸಿರಾಡಲಿಕ್ಕೂ ಬಿಡದ ಹೊತ್ತು. ಹೊರಗೆ ಹದಿನೈದು ಜನ ಕ್ಯೂ. ಒಳಗೆ ಎಲ್ಲ ಟೇಬಲ್ ಭರ್ತಿ, ಸುಖೇಶ್ ಸಾಂಬಾರಿನ ಬಕೆಟ್ಟು ಹಿಡಿದು ಓಡಾಡುತ್ತಿದ್ದ, ಪಂಕಜಾಕ್ಷಿ ಕಾಫಿ ಕೌಂಟರಿನಲ್ಲಿ. ಆಗ ಕುಶಲ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದೆ ಹಸಿರು ಇಳಕಲ್ ಸೀರೆ ಉಟ್ಟ ಭೀಮವ್ವ. ಕ್ಯೂನಲ್ಲಿದ್ದವನೊಬ್ಬ, ಅಹೋ ಭಾವೂ, ಲಾಯಿನ್ ಆಹೇ ಎಂದು ಸರತಿ ತೋರಿಸಿದ. ಒಂಬತ್ತು ವರ್ಷ ನಿಂತೇನ್ರಿ ಎಂದು ಕನ್ನಡದಲ್ಲೇ ಹೇಳಿ ಕುಶಲ ಒಳಗೆ ಬಂದ.

ಗಲ್ಲಾದ ಮುಂದೆ ಬಂದು ನಿಂತ. ಕನ್ನಡಕ ಮುಖದ ಮೇಲೇ ಇತ್ತು.

ಅವಳು ಕೈಯಲ್ಲಿದ್ದ ಬಿಲ್ಲನ್ನು ನೋಡುತ್ತಲೇ, "ಇಳೀತಾ?" ಅಂದಳು.

"ಇಲ್ಲ. ಬಂದ್ ಮಾಡಿ ಬಂದೆ."

ಅವಳು ತಲೆ ಎತ್ತಿದಳು. "ಎಂತ ಬಂದ್?"

"ಕಂಪ್ಯೂಟರ್. ಗೋಡಿಗಿನ ಸ್ವಿಚ್ಚೂ ತಗದೆ, ಬ್ಯಾಟರೀನೂ ತಗದೆ. ಇಪ್ಪತ್ತು ಮೀಟರ್ ಮ್ಯಾಲೇ ಇತ್ತು, ಹಂಗs ಹೋತು." ಕನ್ನಡಕದ ಕಡೆ ಹೋದ ಕೈಯನ್ನು ಕೆಳಗಿಳಿಸಿದ. "ಮೂರು ದಿನಾ ಬೆರಳು ಇಟ್ಟುಕೊಂಡು ಕುಂತಿದ್ದೆ ಸಿಂಧೂ. ಆಮ್ಯಾಲೆ ಅನ್ನಿಸ್ತು, ಅದು ಇಳದ್ರ ಅದs ನನ್ನ ಕಳಿಸ್ದಂಗ ಆಗ್ತದ. ನಾ ಬಂದಂಗ ಆಗೂದಿಲ್ಲ."

ಗಲ್ಲಾದ ಮುಂದೆ ಬಿಲ್ ಕೊಡಲಿಕ್ಕೆ ನಿಂತಿದ್ದ ನಾಲ್ಕು ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೂ ಯಾರೂ ಅವಸರ ಮಾಡಲಿಲ್ಲ. ಸಿಂಧೂರಳ ಕಿವಿ ಎಷ್ಟು ಕೆಂಪಗಾಗಿತ್ತೆಂದರೆ, ಅದನ್ನು ನೋಡಿದರೆ ಯಾವ ಭಾಷೆಯವರಿಗೂ ವಿಷಯ ಗೊತ್ತಾಗುತ್ತಿತ್ತು.

ಕುಶಲ ಕಾಫಿ ಕೌಂಟರಿನ ಕಡೆ ಹೋದ. ಪಂಕಜಾಕ್ಷಿಯ ಮುಂದೆ ಕೈ ಕಟ್ಟಿ ನಿಂತ. ಪಾಠ ಒಪ್ಪಿಸುವವನಂತೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ನಿಮ್ಮ ಮಗಳನ್ನ ಕೇಳಾಕ ಬಂದೀನ್ರಿ ಅಂದ.

ಪಂಕಜಾಕ್ಷಿ ಎರಡು ಕಾಫಿ ಬೆರೆಸಿ, ನೊರೆ ಬರಿಸಿ, ಆರ್ಡರ್ ಮಾಡಿದವರಿಗೆ ಕಳಿಸಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡರು.

"ಒಂಬತ್ತು ವರ್ಷದಿಂದ ನೀನು ಚಹಾ ಕುಡೀಲಿಕ್ಕೆ ಬರ್ತಿದ್ದೀ ಅಂತ ನಾನು ಎಣಿಸಿದ್ದೇನೆ ಅಂತ ಮಾಡಿದ್ದೀಯಾ?" ಅಂದರು. "ಭಾನುವಾರ ಒಂಬತ್ತೂವರೆಗೇ ಬರಬೇಕಿತ್ತಾ ನಿಂಗೆ? ಆಯ್ತು. ನಿನ್ನ ಅಮ್ಮನ್ನ ಒಳಗೆ ಕರಕೊಂಡು ಹೋಗಿ ಕೂರಿಸು, ಹನ್ನೊಂದಕ್ಕೆ ರಶ್ ಇಳೀತದೆ, ಆಮೇಲೆ ಮಾತಾಡುವ. ಅಲ್ಲಿವರೆಗೆ ಆ ಬಕೆಟ್ಟು ಹಿಡಿ."

ಸುಖೇಶ್ ಸಾಂಬಾರಿನ ಬಕೆಟ್ಟನ್ನು ಅವನ ಕೈಗೆ ಕೊಟ್ಟ. ಕೊಟ್ಟಾದ ಮೇಲೆ ಅವನಿಗೆ ನೆನಪಾಯಿತು, ಹಾಗಾದರೆ ನಾಶಿಕಕ್ಕೆ ಯಾರು? ಮಕ್ಕಳಿಗೆ ನಾಶಿಕದಲ್ಲೂ ಸ್ಕೂಲು ಉಂಟು ಎಂದು ಪಂಕಜಾಕ್ಷಿ ಕಾಫಿಪುಡಿಯ ಡಬ್ಬಿಗೆ ಹೇಳಿದರು.

ಬಿಳಿ ಅಂಗಿಗೆ ಸಾಂಬಾರು ಸಿಡಿಸಿಕೊಂಡು ಕುಶಲ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತಿದ್ದ. ಗಲ್ಲಾದ ಹತ್ತಿರ ಬಂದಾಗ ನಿಂತ. ಸಿಂಧೂರ ಗಲ್ಲಾದ ಮೇಲೆ ಚಾಚಿ ಅವನ ಅಂಗಿಯ ತೋಳನ್ನು ಎರಡು ಮಡಿಕೆ ಮಡಚಿದಳು. ಬೆರಳುಗಳು ಅವನ ಮಣಿಕಟ್ಟಿನ ಮೇಲೆ ಕೂತವು. ಪುಟಿಯಲಿಲ್ಲ. ಅವನೂ ಸುಮ್ಮನಿದ್ದ, ಜೀವನದಲ್ಲಿ ಮೊದಲ ಸಲ, ಸರಿಯಾದ ಹೊತ್ತಿಗೆ.

"ಒಂಬತ್ತನೆಯದನ್ನು ಇಬ್ಬರೂ ಸೇರಿ ಕಟ್ಟುವ," ಅಂದಳು. "ಸೇವ್ ಮಾಡಿ ಮಾಡಿ ಹೋಗುವ, ನನಗೆ ಸಾಕಾಗಿದೆ."

ಆರನೇ ಟೇಬಲ್ಲಿನವರು ಸಾಂಬಾರಿಗೆ ಮೂರನೆಯ ಸಲ ಕೂಗಿದರು. ಅವನು ಹೋದ.

ಅಮಾಲ್ಥಿಯಾದ ಮೇಲೆ ನೌಕೆ ಇಳಿದಿರಲಿಲ್ಲ. ಕುಶಲ ಕೊಟ್ಟ ಮಾತಿಗೆ ತಪ್ಪಿದ್ದ.